ಹಡಗಿಗೆ ಹೊರಟ ಪರದೆ

ಅರವತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದಲ್ಲಿ ನನ್ನವು ಎರಡು ಮಗ್ಗ ಇದ್ದವು. ಬೊಂಬಾಯಿಯಲ್ಲಿ ಕಟ್ಟುತ್ತಿದ್ದ ಪ್ರವಾಸಿ ಹಡಗೊಂದರ ಕಿಟಕಿಗಳಿಗೆ ರೇಷ್ಮೆ ಪರದೆ ನೇಯುವ ಕೆಲಸ ಸಿಕ್ಕಿತ್ತು. ಸಮುದ್ರ ಕಂಡವನಲ್ಲ ನಾನು. ಹಡಗಿಗೆ ತಳ ಹಾಕಿದರು, ಪಕ್ಕೆ ಕಟ್ಟಿದರು ಅಂತ ಪೇಪರಿನಲ್ಲಿ ಬಂದಾಗಲೆಲ್ಲ ಕತ್ತರಿಸಿ ಮಗ್ಗದ ಮನೆಯ ಗೋಡೆಗೆ ಅಂಟಿಸುತ್ತಿದ್ದೆ.

ಒಂದು ಬೆಳಿಗ್ಗೆ ನೋಡಿದರೆ, ಹಾರ ಹಾಕಿಸಿಕೊಂಡ ಹಡಗು ನೀರಿಗೆ ಇಳಿಯುತ್ತಿರುವ ಚಿತ್ರ. ಹಡಗು ಹೊರಟೇಬಿಟ್ಟಿತು ಅಂದುಕೊಂಡೆ. ಪರದೆ ಅರ್ಧವೂ ಆಗಿರಲಿಲ್ಲ. ನೇಯ್ದಷ್ಟನ್ನು ಮಗ್ಗದಿಂದ ಕತ್ತರಿಸಿ, ಗಂಟು ಕಟ್ಟಿಕೊಂಡು ರೈಲು ಹತ್ತಿಬಿಟ್ಟೆ.

ಹಡಗು ಹೋಗಿರಲಿಲ್ಲ. ದಡಕ್ಕೆ ಹಗ್ಗ ಬಿಗಿದು ನಿಲ್ಲಿಸಿದ್ದರು. ಒಳಗೆ ನೆಲವಿಲ್ಲ, ಕೋಣೆಯಿಲ್ಲ, ಬರೀ ಕಬ್ಬಿಣದ ಡಬ್ಬ. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಲ್ಲಿದ್ದ ಮಂಗಳೂರಿನ ಮೇಸ್ತ್ರಿಯೊಬ್ಬರು ನನ್ನ ಗಂಟನ್ನು ಬಿಚ್ಚಿಸಿ ನೋಡಿದರು.

"ಪರದೆ ಸರಿ ಮಾರಾಯ್ರೆ, ಅದನ್ನು ಹಾಕ್ಲಿಕ್ಕೆ ಕಿಟಕಿಯೇ ಆಗ್ಲಿಲ್ಲ. ಇನ್ನೂ ಒಂದು ವರ್ಷದ ಕೆಲಸ ಉಂಟು."

"ಮತ್ತೆ ಪೂಜೆ ಮಾಡಿ ನೀರಿಗೆ ಬಿಟ್ರಲ್ಲ ಸ್ವಾಮಿ?"

"ನೀರಿಗೆ ಬಿಟ್ಟ ಮೇಲೆಯೇ ಒಳಗಿನ ಕೆಲಸ. ನಿಮ್ಮ ಊರಲ್ಲಿ ಪೂಜೆ ಆದ ಮೇಲೆ ಕೆಲಸ ಉಳಿಯುವುದೇ ಇಲ್ವಾ?"

"ಇಲ್ಲ ಸ್ವಾಮಿ, ನಮ್ಮಲ್ಲಿ ಎಲ್ಲಾ ಮುಗಿಸೇ ಪೂಜೆ ಮಾಡೋದು," ಅಂದೆ, ಸ್ವಲ್ಪ ಜೋರಾಗಿಯೇ.

ಮೂರನೇ ದಿನ ಊರು ಮುಟ್ಟಿದೆ. ಗೃಹಪ್ರವೇಶವಾಗಿ ಎರಡು ವರ್ಷ ಕಳೆದಿದ್ದ ನಮ್ಮ ಮನೆಯ ಕಿಟಕಿಯ ಖಾಲಿ ಕಂಡಿಗೆ ಕಟ್ಟಿದ್ದ ಗೋಣಿಚೀಲ ಸರಿಸಿ ಹೆಂಡತಿ ಕೇಳಿದಳು, "ಯಾಕ್ರೀ, ಬಟ್ಟೆ ವಾಪಸ್ ತಂದ್ರಿ?"

"ಹಡಗಿಗೆ ಇನ್ನೂ ಕಿಟಕಿ ಇಟ್ಟಿಲ್ಲ ಕಣೇ."

"ಅವರೂ ಇಟ್ಟಿಲ್ವಾ?" ಅಂದಳು.