ಸದ್ದು ಬಂತು, ಚಿತ್ರ ಬರಲಿಲ್ಲ

ಚಿಕ್ಕಪ್ಪನ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಉಗುರುಗಳಿಗಿಂತ ದಪ್ಪ. ಸೀಸದ ಬಣ್ಣ, ತುದಿ ಒಳಕ್ಕೆ ಬಾಗಿತ್ತು. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಅಚ್ಚಿನ ಮೊಳೆ ಜೋಡಿಸಿದ ಉಗುರು ಅದು. ಪ್ರೆಸ್ಸು ಮುಚ್ಚಿ, ಆ ಜಾಗಕ್ಕೆ ಮೊಬೈಲ್ ಕವರ್ ಮಾರುವ ಅಂಗಡಿ ಬಂದ ಮೇಲೂ ಬಣ್ಣ ಬಿಡಲಿಲ್ಲ. ಅಮ್ಮ ಅದು ಎಡಗೈ ಎನ್ನುತ್ತಾಳೆ. ಇರಬಹುದು. ಯಾವಾಗಲೂ ಎದುರಿಗೆ ಕೂತು ನೋಡಿದ ಕೈಗಳು ಅವು. ನನ್ನ ನೆನಪು ಎಡಬಲ ಅದಲುಬದಲು ಮಾಡಿರಬಹುದು. ಆದರೂ ಬಲಗೈ ಅಂತಲೇ ಬರೆಯುತ್ತೇನೆ, ಯಾಕೆಂದರೆ ನನಗೆ ಕಾಣುತ್ತಿರುವುದು ಅದೇ.

ಅವರು ಅಪ್ಪನ ತಮ್ಮ. ಹುಟ್ಟಿದಾಗಿನಿಂದ ಕಿವಿ ಕೇಳದು. ಚಿಕ್ಕಮ್ಮನಿಗೂ ಕೇಳದು. ಮಲ್ಲೇಶ್ವರದಲ್ಲಿ, ಶ್ರೀರಾಂಪುರದ ಕಡೆಗೆ ಇಳಿಯುವ ಒಂದು ಕ್ರಾಸಿನಲ್ಲಿ ನಮ್ಮ ಮನೆ. ಅದರ ಹಿಂದಿನ ಔಟ್‌ಹೌಸಿನಲ್ಲಿ ಅವರಿಬ್ಬರು. ಅವರ ಕೈಮಾತಿನಲ್ಲಿ ಶಾಲೆಯಲ್ಲಿ ಕಲಿತದ್ದು ಅರ್ಧ, ಇಬ್ಬರೇ ಮಾಡಿಕೊಂಡದ್ದು ಅರ್ಧ. ಮೊದಲ ಅರ್ಧ ನನಗೆ ಸುಮಾರಾಗಿ ಬರುತ್ತಿತ್ತು. ಎರಡನೆಯ ಅರ್ಧ ಯಾರಿಗೂ ಬರುತ್ತಿರಲಿಲ್ಲ. ಜಗಳವಾದರೆ ಚಿಕ್ಕಮ್ಮ ಎದ್ದು ಹೋಗಿ ದೀಪ ಆರಿಸಿಬಿಡುತ್ತಿದ್ದಳು. ಕತ್ತಲೆಯಲ್ಲಿ ಎದುರುತ್ತರ ಕೊಡುವುದು ಹೇಗೆ? ಚಿಕ್ಕಪ್ಪ ಬಾಗಿಲಿಗೆ ಬಂದು, ಬೀದಿದೀಪದ ಬೆಳಕಿನಲ್ಲಿ ನಿಂತು, ನಮ್ಮ ಅಡುಗೆಮನೆಯ ಕಿಟಕಿಗೆ ದೂರು ಹೇಳುತ್ತಿದ್ದರು. ಅಮ್ಮ ಪಾತ್ರೆ ತೊಳೆಯುತ್ತಲೇ, ಜೋರು ಗಂಟಲಿನಲ್ಲಿ, "ನಿಮ್ಮಿಬ್ಬರ ಗಲಾಟೇಲಿ ನಮಗೆ ನಿದ್ದೆ ಇಲ್ಲ ಕಣಪ್ಪಾ" ಎನ್ನುತ್ತಿದ್ದಳು. ಕೇಳದವರ ಹತ್ತಿರವೂ ಅಮ್ಮ ಕೂಗಿಯೇ ಮಾತಾಡುವುದು.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಚಿಕ್ಕಪ್ಪ ಹೇಳಿದರು ಎಂದು ನಾನು ಬರೆಯುವ ಮಾತುಗಳೆಲ್ಲ ನನ್ನವು. ಅವರದು ಕೈ. ನಡುವೆ ಎಷ್ಟು ಸೋರಿದೆಯೋ ಗೊತ್ತಿಲ್ಲ. ಒಂದು ಮಾತು ಮಾತ್ರ ಸೋರದೆ ಉಳಿದಿದೆ ಎಂದುಕೊಂಡಿದ್ದೇನೆ, ಅಷ್ಟು ಸಲ ಹೇಳುತ್ತಿದ್ದರು. ಬೀದಿಯಲ್ಲಿ ಹಾರ್ನ್ ಕೇಳಿ ನಾನು ಮುಖ ಸಿಂಡರಿಸಿದಾಗಲೆಲ್ಲ: "ಪಾಪ, ನಿಮ್ಮ ಕಿವಿಗೆ ರೆಪ್ಪೆ ಇಲ್ಲ."

ಚಿಕ್ಕಮ್ಮ ಹೋದದ್ದು ಒಂದು ಆಷಾಢದಲ್ಲಿ. ಫೋಟೋಗಳು ಬೇಕಾದಷ್ಟಿದ್ದವು. ಚಿಕ್ಕಪ್ಪ ಒಂದನ್ನೂ ಗೋಡೆಗೆ ಹಾಕಿಸಲಿಲ್ಲ. ಅಮ್ಮ ಕೇಳಿದ್ದಕ್ಕೆ ಒಂದು ಫೋಟೋ ತಂದು ಚಿಕ್ಕಮ್ಮನ ಕೈ ತೋರಿಸಿದರು. ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳು. ಎಲ್ಲ ಫೋಟೋಗಳಲ್ಲೂ ಹಾಗೆಯೇ. ಫೋಟೋ ತೆಗೆಯುವವರು ಕೈ ಆಡಿಸಬೇಡಿ ಅನ್ನುತ್ತಾರಲ್ಲ. "ಬಾಯಿ ಮುಚ್ಚಿಸಿ ತೆಗೆದಿದ್ದಾರೆ," ಎಂದರು ಚಿಕ್ಕಪ್ಪ.

ಹಾಗಾಗಿ, ನವರಾತ್ರಿ ಶುರುವಾದ ಮೇಲೆ ಮತ್ತಿಕೆರೆಯಿಂದ ಅವರ ಹಳೆಯ ಗೆಳೆಯರೊಬ್ಬರು ಒಂದು ಸಿ.ಡಿ. ತಂದುಕೊಟ್ಟಾಗ ಮನೆಯಲ್ಲಿ ಏನಾಯಿತೆಂದು ನೀವೇ ಊಹಿಸಬಹುದು. ಗೆಳೆಯರಿಗೂ ಕಿವಿ ಕೇಳದು. ಹಿಂದಿನ ವರ್ಷ ಅವರ ಕೂಟದವರು ಪಿಕ್ನಿಕ್ಕಿಗೆ ಹೋಗಿದ್ದಾಗ, ಚಿಕ್ಕಪ್ಪ ಜ್ವರದಿಂದ ಹೋಗಿರಲಿಲ್ಲ. ಅಲ್ಲಿ ಯಾರೋ ಚಿಕ್ಕಮ್ಮನನ್ನು ಛೇಡಿಸಿ, ನಿನ್ನ ಗಂಡನ ಬಗ್ಗೆ ಹೇಳು ಎಂದರಂತೆ. ಅವಳು ಹೇಳಿದಳಂತೆ. ಗೆಳೆಯರು ತಮ್ಮ ಸಣ್ಣ ಕ್ಯಾಮೆರಾದಲ್ಲಿ ಹಿಡಿದಿದ್ದರು. ಏನು ಹೇಳಿದಳು ಎಂದು ಚಿಕ್ಕಪ್ಪ ಕೇಳಿದರು. ಬಿಸಿಲಿಗೆ ಕ್ಯಾಮೆರಾದ ಪರದೆಯೇ ಕಾಣುತ್ತಿರಲಿಲ್ಲ, ಅರ್ಧ ನಿಮ್ಮಿಬ್ಬರದೇ ಕೈಮಾತು, ಅಲ್ಲಿದ್ದ ಯಾರಿಗೂ ಪೂರ್ತಿ ತಿಳಿಯಲಿಲ್ಲ, ಬೈದಳು, ನಕ್ಕಳು, ನೀನೇ ನೋಡಿಕೋ ಎಂದು ಅವರು ಕಾಫಿ ಕುಡಿದು ಹೋದರು.

ಚಿಕ್ಕಪ್ಪನ ಡಿ.ವಿ.ಡಿ. ಪ್ಲೇಯರು ಸಂಪಿಗೆ ರಸ್ತೆಯ ಒಂದು ಅಂಗಡಿಯಲ್ಲಿ ಕೊಂಡ ಅಗ್ಗದ್ದು. ಡಬ್ಬದ ಮೇಲೆ, ಯಾವುದನ್ನು ಹಾಕಿದರೂ ಓಡುತ್ತದೆ ಎಂಬರ್ಥದ ದೊಡ್ಡ ಅಕ್ಷರಗಳು. ಸಿ.ಡಿ. ಹಾಕಿದೆವು. ಫೈಲಿನ ಹೆಸರು ಬಂತು. ಒತ್ತಿದೆ. ಪರದೆ ಕಪ್ಪಾಯಿತು. ನೀಲಿಯೋ? ಕಪ್ಪು ಅಂತ ಇಟ್ಟುಕೊಳ್ಳೋಣ. ಚಿತ್ರ ಬರಲಿಲ್ಲ. ಸದ್ದು ಬಂತು.

ಗಾಳಿ, ಕಾಗೆ, ದೂರದಲ್ಲಿ ಸ್ಟೀಲ್ ತಟ್ಟೆಗಳು. ಆಮೇಲೆ ಹತ್ತಿರದಲ್ಲೇ ಸೀರೆಯ ಸರಸರ, ಕೈಗೆ ಕೈ ತಾಗುವ ಸದ್ದು, ತಡೆದು ಮತ್ತೆ. ಆಮೇಲೆ ಚಿಕ್ಕಮ್ಮ ನಕ್ಕಳು. ಅವಳ ನಗು ಗಂಟಲಿನ ಕೆಳಗಿನಿಂದ ತುಂಡುತುಂಡಾಗಿ ಬರುತ್ತಿತ್ತು. ತನಗೆ ಕೇಳಿಸದ ನಗುವನ್ನು ತಿದ್ದಿಕೊಳ್ಳುವ ಗೋಜು ಅವಳಿಗಿರಲಿಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಅವಳೇ ಕಣೋ" ಎಂದಳು.

ಚಿಕ್ಕಪ್ಪ ಕಪ್ಪು ಪರದೆ ನೋಡಿದರು. ಅಮ್ಮನ ಮುಖ ನೋಡಿದರು. ಎದ್ದು ಹೋಗಿ ಟಿ.ವಿ.ಯ ಪಕ್ಕದ ಸ್ಪೀಕರಿಗೆ ಅಂಗೈ ಒತ್ತಿ ನಿಂತರು. ಏನೋ ಅದುರಿರಬೇಕು. ನನ್ನ ಕಡೆ ತಿರುಗಿ ಕೇಳಿದರು:

"ನಿಮಗೆ ಸಿಕ್ಕಳಾ?"

ಆ ವಾರ ನಾನು ಮಾಡದ ಕಸರತ್ತಿಲ್ಲ. ಟಿ.ವಿ.ಗೆ ಚಿತ್ರ ಸಾಗಿಸುವ ಹಳದಿ ತಂತಿ ಕಿತ್ತು ಮತ್ತೆ ಚುಚ್ಚಿದೆ. ಸಿನಿಮಾ ಸಿ.ಡಿ. ಹಾಕಿದರೆ ಬಣ್ಣಬಣ್ಣವಾಗಿ ಕುಣಿಯುತ್ತಿತ್ತು, ಹಾಗಾಗಿ ತಂತಿಯದು ತಪ್ಪಲ್ಲ. ರಿಮೋಟು ಹಿಡಿದು ಸೆಟಪ್ಪಿನೊಳಗೆ ಹೋಗಿ ಅರ್ಥವಾಗದ ಒಂದೊಂದನ್ನೂ ಬದಲಾಯಿಸಿದೆ. ಒಮ್ಮೆ ಇಡೀ ಮೆನು ಯಾವುದೋ ಗೊತ್ತಿಲ್ಲದ ಭಾಷೆಗೆ ಹೋಗಿ ಕೂತಿತು. ಎದುರುಮನೆಯವರ ಪ್ಲೇಯರಿನಲ್ಲಿ ಹಾಕಿದರೆ ಫೈಲಿನ ಹೆಸರೂ ಬರಲಿಲ್ಲ. ನನ್ನ ತೆಳ್ಳನೆಯ ಹೊಸ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯೇ ಇರಲಿಲ್ಲ. ನಮ್ಮ ಪ್ಲೇಯರಿನಲ್ಲಿ ಪ್ರತಿ ಸಲವೂ ಸದ್ದು ಮಾತ್ರ. ಪ್ರತಿ ಸಲವೂ ಚಿಕ್ಕಪ್ಪ ಪರದೆಯ ಹತ್ತಿರ ಸ್ಟೂಲು ಎಳೆದುಕೊಂಡು, ಈ ಸಲ ಬಂದೀತೆಂದು, ಉತ್ತರ ಕೊಡಲು ಕೈ ಎದೆಯ ಮಟ್ಟಕ್ಕೆ ಎತ್ತಿಟ್ಟುಕೊಂಡು ಕೂರುತ್ತಿದ್ದರು. ಕಿವಿ ಕೇಳುವ ನಮಗೆ ಅವಳು ಸಿಗುತ್ತಿದ್ದಳು, ಅವಳ ಭಾಷೆಯವನಿಗೆ ಇಲ್ಲ. ಇದನ್ನು ಯಾರಿಗೆ ದೂರುವುದು?

ಕೊನೆಗೆ ಶ್ರೀರಾಂಪುರದ ಒಂದು ಗಲ್ಲಿಯಲ್ಲಿ, ಮದುವೆ ವೀಡಿಯೋ ಎಡಿಟ್ ಮಾಡುವವನ ಅಂಗಡಿಗೆ ಹೋದೆವು. ಹೋದದ್ದು ಆಯುಧಪೂಜೆಯ ದಿನ. ನಮಗಿದ್ದ ಆತುರದಲ್ಲಿ ಅದು ತಲೆಗೇ ಹೋಗಿರಲಿಲ್ಲ. ಶಟರಿಗೆ ಬಾಳೆಕಂದು ಕಟ್ಟಿತ್ತು. ಬಾಗಿಲಲ್ಲಿ ಒಡೆದ ಬೂದುಗುಂಬಳ. ಒಳಗೆ ಕಂಪ್ಯೂಟರಿನ ಹಣೆಗೆ ಗಂಧ, ಕುಂಕುಮ. ಕೀಬೋರ್ಡ್ ಕಾಣದ ಹಾಗೆ ಸೇವಂತಿಗೆ. ಅಂಗಡಿಯವನು ಕಡ್ಲೆಪುರಿ ಕೊಟ್ಟು ಕೂರಿಸಿ ಸಮಸ್ಯೆ ಕೇಳಿಕೊಂಡ. ಫೈಲು ಅಂದ್ರೆ ಡಬ್ಬಿ ಇದ್ದ ಹಾಗೆ, ಒಂದೇ ಥರದ ಡಬ್ಬಿಯಲ್ಲಿ ಚಟ್ನಿಪುಡಿಯೂ ಇರುತ್ತೆ, ಅರಿಶಿಣವೂ ಇರುತ್ತೆ ಎಂದು ಶುರುಮಾಡಿದ. ನಿಮ್ಮ ಪ್ಲೇಯರಿಗೆ ಮುಚ್ಚಳ ತೆಗೆಯಲು ಬರುತ್ತೆ, ಒಳಗಿನ ಚಿತ್ರ ಸುತ್ತಿಟ್ಟಿರುವ ರೀತಿ ಅದಕ್ಕೆ ಗೊತ್ತಿಲ್ಲ, ನಾನು ಬಿಚ್ಚಿ ಬೇರೆ ಥರ ಸುತ್ತಿಕೊಡ್ತೀನಿ, ಅರ್ಧ ಗಂಟೆ ಕೆಲಸ ಎಂದ. ನಾನು ಚಿಕ್ಕಪ್ಪನಿಗೆ ಹೇಳಿದೆ. ಅವರ ಮುಖ ಅರಳಿತು.

"ಆದ್ರೆ ನಾಳೆ ಬನ್ನಿ ಸಾರ್. ಪೂಜೆಗೆ ಕೂರಿಸಿಬಿಟ್ಟಿದೀನಿ. ಇವತ್ತು ಇದಕ್ಕೆ ಕರೆಂಟ್ ಕೊಡಂಗಿಲ್ಲ."

ಚಿಕ್ಕಪ್ಪ ವಾದಿಸಲಿಲ್ಲ. ಪ್ರೆಸ್ಸಿನಲ್ಲೂ ಹಾಗೆಯೇ: ಆ ದಿನ ಮೊಳೆ ಮುಟ್ಟುವಂತಿಲ್ಲ, ಮಿಷನ್ ತಿರುಗುವಂತಿಲ್ಲ, ವರ್ಷವಿಡೀ ದುಡಿದದ್ದಕ್ಕೆ ಒಂದು ದಿನದ ವಿಶ್ರಾಂತಿ. ಸಿ.ಡಿ. ಬಿಟ್ಟು ಹೋಗಿ ಎಂದ ಅಂಗಡಿಯವನು. ಚಿಕ್ಕಪ್ಪ ಅದನ್ನು ಶರ್ಟಿನೊಳಗೆ, ಬನಿಯನ್ನಿಗೆ ಒತ್ತಿ ಇಟ್ಟುಕೊಂಡು ಎದ್ದರು.

ಮನೆಗೆ ಬಂದು ಸ್ನಾನ ಮಾಡಿ ಪೂಜೆಗೆ ಕೂತರು. ಪ್ರೆಸ್ಸಿನಿಂದ ತಂದಿಟ್ಟುಕೊಂಡಿದ್ದ ಮೊಳೆ ಜೋಡಿಸುವ ಕಬ್ಬಿಣದ ಪಟ್ಟಿಗೆ ಪ್ರತಿವರ್ಷ ಪೂಜೆ. ಈ ಸಲ ಅದರ ಪಕ್ಕದಲ್ಲಿ ಮಣೆಯ ಮೇಲೆ ಸಿ.ಡಿ. ಇಟ್ಟರು. ಅದನ್ನು ಹಿಡಿದ ರೀತಿ ನೋಡಬೇಕಿತ್ತು: ಅಂಚಿನಲ್ಲಿ, ಎರಡು ಬೆರಳಲ್ಲಿ, ಹೊಳೆಯುವ ಮುಖಕ್ಕೆ ಉಸಿರೂ ತಾಗದ ಹಾಗೆ. ಆ ಮುಖವನ್ನು ಕೆಳಗೆ ಮಾಡಿ, ಮಡಿಬಟ್ಟೆಯ ಮೇಲೆ ಇಟ್ಟು, ಹೆಸರು ಬರೆದಿದ್ದ ಮೇಲ್ಮುಖಕ್ಕೆ ತೇಯ್ದ ಗಂಧದ ಬೊಟ್ಟು ದಪ್ಪವಾಗಿ ಇಟ್ಟರು. ಮೇಲೆ ಕುಂಕುಮ. ಅಮ್ಮ ಅಕ್ಷತೆ ಕೊಟ್ಟಳು. ನಾನು ಮಂಗಳಾರತಿ ತೆಗೆದುಕೊಂಡೆ. ನಾಳೆ ಅವಳು ಬರುತ್ತಾಳೆ ಎಂದು ಚಿಕ್ಕಪ್ಪ ಹೇಳಿದರು, ಅಥವಾ ನಾಳೆ ಅವಳು ಮಾತಾಡುತ್ತಾಳೆ ಎಂದು. ಎರಡಕ್ಕೂ ಅವರ ಕೈ ಮುಂದಕ್ಕೆ ಬರುವುದು ಒಂದೇ ರೀತಿ.

ಮಾರನೆಯ ಬೆಳಿಗ್ಗೆ ಗಂಧ ಒಣಗಿ ಹೆಪ್ಪುಗಟ್ಟಿತ್ತು. ಒದ್ದೆ ಬಟ್ಟೆಗೆ ಬರಲಿಲ್ಲ. ಚಿಕ್ಕಪ್ಪ ಆ ಹೆಬ್ಬೆರಳಿನ ಉಗುರಿನಿಂದ, ನಿಧಾನವಾಗಿ, ಕೆರೆದು ತೆಗೆದರು. ಕುಂಕುಮದ ಜೊತೆ ಬೆಳ್ಳಿಯಂಥ ಹೊಟ್ಟು ಉದುರಿತು. ಬಣ್ಣ ಎಂದುಕೊಂಡೆವು.

ಅಂಗಡಿಯವನು ಸಿ.ಡಿ.ಯನ್ನು ಟ್ಯೂಬ್‌ಲೈಟಿಗೆ ಹಿಡಿದ. ಹಿಡಿದೇ ಇದ್ದ. ಬೊಟ್ಟು ಇದ್ದಲ್ಲೆಲ್ಲ ಬೆಳಕು ಆಚೆಯಿಂದ ಈಚೆಗೆ ಬರುತ್ತಿತ್ತು. ಇದರಲ್ಲಿ ಬರೆದದ್ದೆಲ್ಲ ಇರುವುದು ಹೆಸರು ಬರೆಯುವ ಮುಖದ ಕೆಳಗೇ, ಹೊಳೆಯುವ ಕಡೆ ಇರುವುದು ದಪ್ಪ ಪ್ಲಾಸ್ಟಿಕ್ಕು, ಮೇಲುಗಡೆ ಈರುಳ್ಳಿ ಸಿಪ್ಪೆಯಷ್ಟು ಬಣ್ಣ ಅಷ್ಟೇ ಎಂದು ನನಗೆ ಮೆತ್ತಗೆ ಹೇಳಿದ. ಮೆತ್ತಗೆ ಹೇಳುವ ಅಗತ್ಯವಿರಲಿಲ್ಲ. ಹಾಕಿ ನೋಡಿದ. ಕಂಪ್ಯೂಟರು ಉಬ್ಬಸದವರಂತೆ ಏದುಸಿರು ಬಿಟ್ಟು, ಕೊನೆಗೆ ಒಳಗೆ ಏನೂ ಇಲ್ಲವೆಂದಿತು. ಇನ್ನೊಂದರಲ್ಲಿ ಹಾಕಿದ. ಪಕ್ಕದ ಅಂಗಡಿಯಿಂದ ಇನ್ನೊಂದು ತರಿಸಿದ. "ನಿನ್ನೆನೇ ಕರೆಂಟ್ ಕೊಟ್ಬಿಟ್ಟಿದ್ರೆ ಏನ್ ಗಂಟು ಹೋಗ್ತಿತ್ತು ನಂದು," ಎಂದು ಹಣೆ ತಿಕ್ಕಿಕೊಂಡ. ಚಿಕ್ಕಪ್ಪ ಅವನ ಕೈಯಿಂದ ಸಿ.ಡಿ. ತೆಗೆದುಕೊಂಡು ತಾವೂ ಬೆಳಕಿಗೆ ಹಿಡಿದು ನೋಡಿದರು. ಯಾರೂ ಅವರಿಗೆ ಏನನ್ನೂ ವಿವರಿಸಲಿಲ್ಲ.

ಅಲ್ಲಿಂದ ಹಾಗೇ ಮತ್ತಿಕೆರೆಗೆ ಹೋದೆವು. ಗೆಳೆಯರು ಕ್ಯಾಮೆರಾ ತಂದು ತೋರಿಸಿದರು. ಮೊಮ್ಮಗುವಿನ ನಾಮಕರಣಕ್ಕೆ ಜಾಗ ಬೇಕೆಂದು ಹಳೆಯದನ್ನೆಲ್ಲ ಅಳಿಸಿದ್ದರು. ಸಿ.ಡಿ. ಇದೆಯಲ್ಲ ಎಂದುಕೊಂಡಿದ್ದರಂತೆ.

ಈಗ ಲೋಕದಲ್ಲಿ ಉಳಿದದ್ದು ನಾನು ಕೇಳಿದ್ದು ಮಾತ್ರ. ಅಮ್ಮನೂ ಕೇಳಿದ್ದಳು, ಅವಳನ್ನು ಕೇಳಿದರೆ ನಗುವಿನ ತನಕ ಬಂದು ಅತ್ತುಬಿಡುತ್ತಿದ್ದಳು. ಹಾಗಾಗಿ ಚಿಕ್ಕಪ್ಪ ನನ್ನ ಹತ್ತಿರ ಬರುತ್ತಿದ್ದರು. ಆಫೀಸಿಗೆ ಹೊರಟಾಗ, ಊಟಕ್ಕೆ ಕೂತಾಗ. "ಹೇಳು, ಏನು ಕೇಳಿಸಿತು?" ನಾನು ಹೇಳುತ್ತಿದ್ದೆ. ಗಾಳಿ, ಕಾಗೆ, ತಟ್ಟೆ, ಸೀರೆ, ಕೈ, ನಗು. ಒಮ್ಮೆ ಬಳೆ ಎಂದೆ. ಅವರು ತಡೆದರು. ಹೋದ ಸಲ ಬಳೆ ಇರಲಿಲ್ಲ ಎಂದರು. ಮಾತಾಡುವಾಗ ಅಡ್ಡ ಬರುತ್ತದೆಂದು ಅವಳು ಗಾಜಿನ ಬಳೆ ಹಾಕುತ್ತಲೇ ಇರಲಿಲ್ಲ. ಹಾಗಾದರೆ ನಾನು ಕೇಳಿದ್ದೇನು? ತಟ್ಟೆಯೋ? ಎಲ್ಲೋ ಕೇಳಿದ ಬೇರೆ ಹೆಂಗಸಿನ ಬಳೆಯೋ? ಇನ್ನೊಮ್ಮೆ ಕುಕ್ಕರಿನ ಸೀಟಿ ಸೇರಿಸಿದೆನಂತೆ. "ಪಿಕ್ನಿಕ್ಕಿಗೆ ಕುಕ್ಕರ್ ಯಾರು ಹೊತ್ತುಕೊಂಡು ಹೋಗಿದ್ದರು, ನಿಮ್ಮಪ್ಪನಾ?" ಎಂದು ಗೇಲಿ ಮಾಡಿದರು. ನಕ್ಕೆವು. ಆದರೆ ಪ್ರತಿ ಹೇಳಿಕೆಗೂ ಮೂಲ ಸ್ವಲ್ಪ ಸ್ವಲ್ಪವೇ ಕಿತ್ತು ಬರುತ್ತಿರುವುದು ಇಬ್ಬರಿಗೂ ತಿಳಿಯುತ್ತಿತ್ತು. ನಾನು ಬಾಯಿ ತೆರೆದಷ್ಟೂ ಅವಳು ಕಡಿಮೆಯಾಗುತ್ತಿದ್ದಳು. ತೆರೆಯದಿದ್ದರೆ ಅವರಿಗೆ ಅದೂ ಇಲ್ಲ.

ಒಂದು ಭಾನುವಾರ ಬಂದು ನನ್ನನ್ನು ಔಟ್‌ಹೌಸಿಗೆ ಕರೆದುಕೊಂಡು ಹೋದರು. ಕುರ್ಚಿಯಲ್ಲಿ ಕೂರಿಸಿದರು. ಯೋಚಿಸಿಕೊಂಡೇ ಬಂದಿದ್ದರು. ಕೈಗೆ ಕೈ ತಾಗಿದ ಸದ್ದು ಎಂದೆಯಲ್ಲ, ಹೇಗೆ ತಾಗಿದ್ದು? ಅಂಗೈಗೆ ಅಂಗೈಯೋ, ಅಂಗೈಗೆ ಮುಷ್ಟಿಯೋ, ಉಜ್ಜಿದ್ದೋ, ತಟ್ಟಿದ್ದೋ? ಒಂದೊಂದೂ ಒಂದೊಂದು ಮಾತು. ಗಂಡನ ಬಗ್ಗೆ ಅವಳು ಏನೇನು ಹೇಳಬಹುದೋ ಅದೆಲ್ಲ ತಮಗೆ ಗೊತ್ತು ಎಂದರು. "ನಾನು ಮಾಡುತ್ತೇನೆ. ನೀನು ನೋಡಬೇಡ. ಕೇಳು. ಅದೇ ಸದ್ದು ಬಂದಾಗ ಕೈ ಎತ್ತು."

ನಾನು ಆಗುವುದಿಲ್ಲ ಎಂದೆ. ನೆನಪಿಲ್ಲ ಎಂದೆ. ಅವರು ತಮ್ಮ ಅಂಗೈಯಿಂದ ನನ್ನ ಕಣ್ಣು ಮುಚ್ಚಿಸಿದರು.

ಒಂದು ಸದ್ದು. ಇನ್ನೊಂದು. ಒಣಗಿದ ಚರ್ಮದ ಉಜ್ಜಾಟ. ಒಂದು ಮೆತ್ತನೆಯ ಗುದ್ದು. ನಡುವೆ ಅವರ ಉಸಿರು. ಎಲ್ಲವೂ ಅದೇ ಎನ್ನಿಸಿತು, ಯಾವುದೂ ಅಲ್ಲ ಎನ್ನಿಸಿತು. ಅವಳ ಕೈ ಸಣ್ಣದು, ಅವರದು ದೊಡ್ಡದು. ಅಲ್ಲಿ ಬಯಲು, ಇಲ್ಲಿ ಗೋಡೆ. ಅವರು ಬಿಡಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿದರು. ಎಲ್ಲೋ ಒಂದು ಕಡೆ, ಒಂದು ತಟ್ಟು, ಅದರ ಹಿಂದೆಯೇ ಬಟ್ಟೆಗೆ ಬೆರಳು ಸವರಿದಂಥ ಸದ್ದು, ನನ್ನ ಕೈ ಮೇಲಕ್ಕೆ ಹೋಯಿತು. ನಿಜವಾಗಿ ಗುರುತು ಸಿಕ್ಕಿತೋ, ಅವರು ನಿಲ್ಲಿಸಲೆಂದು ಎತ್ತಿದೆನೋ, ಹೇಳಲಾರೆ. ಅವರು ಅದನ್ನೇ ಇನ್ನೊಮ್ಮೆ ಮಾಡಿದರು. ಇನ್ನೊಮ್ಮೆ ಎತ್ತಿದೆ.

ಆಮೇಲೆ ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಅವರ ಕೈಗಳು ಮಂಡಿಯ ಮೇಲಿದ್ದವು. ಅವರು ನನ್ನನ್ನು ನೋಡುತ್ತಿರಲಿಲ್ಲ. ಏನದು ಎಂದು ಕೇಳಿದೆ. ಭುಜ ಹಿಡಿದು ಮತ್ತೆ ಕೇಳಿದೆ.

"ಅವಳು ಹೇಳಿದ್ದು ನನಗೆ," ಎಂದರು.

ಅದಾದ ಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ. ಆ ಚಳಿಗಾಲ ಮುಗಿಯುವುದರೊಳಗೆ ಹೋದರು. ಬೆಳಿಗ್ಗೆ ಕಾಫಿ ಕೊಡಲು ಹೋದ ಅಮ್ಮ, ಅವರು ಎದ್ದಿಲ್ಲವೆಂದು ಹೆಸರು ಹಿಡಿದು ಕೂಗಿ ಕೂಗಿ ಕರೆದಳು. ಮತ್ತಿಕೆರೆಯ ಗೆಳೆಯರು ಬಂದಾಗ, ಒಂದು ತಟ್ಟು, ಆಮೇಲೆ ಸವರುವುದು, ಹಾಗೆಂದರೇನು ಎಂದು ಕೇಳಿದೆ. ಮಾಡಿ ತೋರಿಸು ಎಂದರು. ನಾನು ಕೈ ಎತ್ತಿದೆ. ಯಾವ ಕೈಯನ್ನು ಯಾವುದಕ್ಕೆ ತಟ್ಟುವುದು, ಬೆರಳು ಎಲ್ಲಿಂದ ಎಲ್ಲಿಗೆ ಹೋಗಬೇಕು, ನನಗೆ ಗೊತ್ತಿರಲಿಲ್ಲ. ಅವರು ಕಾಯುತ್ತ ನಿಂತಿದ್ದರು.