ಹಳೆಯ ಲಿನಕ್ಸನ್ನು ವಿಲೇವಾರಿ ಮಾಡಿದ ಕುರಿತು

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಮನೆಯ ಕಂಪ್ಯೂಟರ್ ಏಳಲು ನಿರಾಕರಿಸಿತೆಂಬುದನ್ನು ವಿಷಾದಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಕಾರಣ ನಾನೇ.

ಪ್ರಕರಣದ ಹಿನ್ನೆಲೆ ಹೀಗಿದೆ. ನನ್ನ ಪತ್ನಿ ಗಿರಿಜಾ ಪ್ರತಿ ಭಾನುವಾರ ಕೋಲ್ಕತ್ತದ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. (ಮಕ್ಕಳು ಬಂಗಾಳಿಯಲ್ಲಿ ಜಗಳವಾಡಿ ಇಂಗ್ಲಿಷಿನಲ್ಲಿ ದೂರು ಕೊಡುತ್ತಾರೆ, ಕನ್ನಡಕ್ಕೆ ಭಾನುವಾರವೇ ಗತಿ.) ಆಕೆ ಎರಡು ವರ್ಷ ಕೂತು ಬರೆದ ಪಾಠಗಳೆಲ್ಲ ಆ ಕಂಪ್ಯೂಟರಿನಲ್ಲಿವೆ. ಬೇರೆಡೆ ಪ್ರತಿಯಿಲ್ಲ.

ಪಾಠಗಳಿಗೆ ಧ್ವನಿ ಸೇರಿಸುವ ತಂತ್ರಾಂಶವೊಂದು ನಮ್ಮ ಕಂಪ್ಯೂಟರನ್ನು ನಡೆಸುವ ಲಿನಕ್ಸಿನಲ್ಲಿ ಓಡುತ್ತಿರಲಿಲ್ಲ. ಅದಕ್ಕೆ ಬೇರೊಂದು ಬಗೆಯ ಲಿನಕ್ಸ್ ಬೇಕಿತ್ತು. ಇದ್ದುದನ್ನು ಅಳಿಸಲು ಗಿರಿಜಾ ಒಪ್ಪಲಿಲ್ಲ. ಇಲ್ಲಿಯ ನ್ಯೂ ಟೌನಿನಲ್ಲಿ ಐಟಿ ಉದ್ಯೋಗದಲ್ಲಿರುವ ಬೆಂಗಳೂರಿನ ಹುಡುಗಿ ನಸ್ರೀನ್ ಬಂದು, ಹಳೆಯದನ್ನು ಕದಲಿಸದೆ ಅದರ ಮೇಲೆಯೇ ಹೊಸದನ್ನು ಕೂರಿಸಿಕೊಟ್ಟಳು. ಒಂದೇ ಪರದೆಯಲ್ಲಿ ಎರಡೂ ಕೆಲಸ ಮಾಡತೊಡಗಿದವು.

ಕಡತ ಅಲ್ಲಿಗೇ ಮುಕ್ತಾಯವಾಗಬೇಕಿತ್ತು. ಆದರೆ ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ಸೇವೆ ಸವೆಸಿದವನಿಗೆ ಹೊಸ ಕಡತ ತೆರೆದೊಡನೆ ಹಳೆಯದನ್ನು ವಿಲೇವಾರಿ ಮಾಡದೆ ಸಮಾಧಾನವಿಲ್ಲ. ಶುಕ್ರವಾರ ಸಂಜೆ ಹಳೆಯ ಲಿನಕ್ಸಿನ ತಂತ್ರಾಂಶಗಳ ಪಟ್ಟಿ ತೆರೆದು ‘ಕರ್ನಲ್’ ಎಂದಿದ್ದುದನ್ನೆಲ್ಲ ತೆಗೆದುಹಾಕಿದೆ. ಕಂಪ್ಯೂಟರ್ ಎಚ್ಚರಿಸಿತು. ಎಷ್ಟು ಎಚ್ಚರಿಕೆಗಳನ್ನು ನಾನು ‘ಓದಲಾಗಿದೆ’ ಎಂದು ಸಹಿ ಹಾಕಿ ಕಳುಹಿಸಿಲ್ಲ? ಆ ಸಂಜೆ ಏನೂ ಆಗಲಿಲ್ಲ.

ಶನಿವಾರ ಕಪ್ಪು ಪರದೆ.

ನಸ್ರೀನ್ ಪೆನ್‌ಡ್ರೈವ್ ಹಿಡಿದು ಬಂದಳು. “ಅಂಕಲ್, ಮಷೀನನ್ನ ಎಬ್ಬಿಸೋದೇ ಕರ್ನಲ್. ಮೇಲೆ ಕೂರಿಸಿದ್ದಕ್ಕೆ ಸ್ವಂತ ಕರ್ನಲ್ ಇಲ್ಲ, ಕೆಳಗಿರೋದರದ್ದೇ ಎರಡಕ್ಕೂ. ನೀವು ಅದನ್ನೇ ತೆಗೆದ್ಬಿಟ್ಟಿದೀರ.”

“ಹಳೆಯದು ಇನ್ನೇಕೆ ಅಂತ...”

“ಹಳೇದಂತ ನಿಮಗ್ಯಾರ ಹೇಳಿದ್ರು?” ಗಿರಿಜಾಳ ಧಾರವಾಡ ಎದ್ದು ಬಂತು. “ನಾ ದಿನಾ ಅದರಾಗ ಬರೀತೀನಲ್ಲಾ. ನಸ್ರೀನ್, ಪಾಠ ಉಳದಾವೇನ್ ಮೊದಲ ನೋಡವಾ. ಇವರ ವಿಚಾರಣೆ ಆಮ್ಯಾಲೆ.”

“ಆಂಟಿ, ನೀವು ಮೊದಲು ಕೂತ್ಕೊಳ್ಳಿ.”

ಗಿರಿಜಾ ಕೂರಲಿಲ್ಲ. ನಸ್ರೀನ್ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಒಂದೊಂದೇ ಕಡತ ತೆರೆದು ತೋರಿಸಿದಳು. ಪಾಠಗಳು ಉಳಿದಿದ್ದವು. ಕರ್ನಲ್ ಮರಳಿ ಕೂರುವಾಗ ಮಧ್ಯಾಹ್ನದ ಊಟ ತಣ್ಣಗಾಗಿತ್ತು. ಭಾನುವಾರ ತರಗತಿ ಎಂದಿನಂತೆ ನಡೆಯಿತು.

ಒಂದು ಲಿನಕ್ಸಿನ ಮೇಲೆ ಇನ್ನೊಂದನ್ನು ಕೂರಿಸುವುದು ಉತ್ತಮ ವ್ಯವಸ್ಥೆಯೆಂದು ಇಂದಿಗೂ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಯಾವುದು ಹಳೆಯದೆಂಬ ತೀರ್ಮಾನವನ್ನು ಮಾತ್ರ ಅದನ್ನು ಬಳಸುವವರಿಗೆ ಬಿಡತಕ್ಕದ್ದು.

ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಗಿದೆ. ಹೊಸದನ್ನು ನನಗೆ ಈವರೆಗೆ ತಿಳಿಸಲಾಗಿಲ್ಲ.