ವಿಮಾನಕ್ಕಿಂತ ಮೊದಲು ಏಡಿಗಳು ದಾಟಬೇಕು

ಬೆಳಗಿನ ಐದು ಗಂಟೆ. ಸೇಂಟ್ ಕ್ರಿಸ್ಪಿನ್ ದ್ವೀಪದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ಕತ್ಬರ್ಟ್ ಲಾವಿಲ್ ಬಗ್ಗಿಕೊಂಡೇ ನಡೆಯುತ್ತಿದ್ದಾರೆ. ಕೈಗೆ ತೊಗಲಿನ ಗವಸು, ಹಿಂದೆ ಎರಡು ಪೀಪಾಯಿಯ ತಳ್ಳುಗಾಡಿ. ಮಳೆ ಈಗಷ್ಟೇ ನಿಂತಿದೆ. ಜೌಗಿನ ಬಿಲಗಳಲ್ಲಿದ್ದ ಏಡಿಗಳೆಲ್ಲ ಮೊಟ್ಟೆ ಬಿಡುವ ಕಾಲವೆಂದು ಕಡಲಿಗೆ ಹೊರಟಿವೆ. ಅವುಗಳ ದಾರಿಗೆ ಅಡ್ಡವಾಗಿ ರನ್‌ವೇ ಮಲಗಿದೆ. ಆರೂ ಐವತ್ತಕ್ಕೆ ಲಂಡನ್ನಿನ ವಿಮಾನ ಇಳಿಯಬೇಕು.

ಗಾಡಿ ಹರಿಸಿ ಕೊಂದುಬಿಡಬಾರದೇ ಎಂದು ಹೊಸಬರು ಕೇಳುವುದುಂಟು. "ಒಂದು ಏಡಿ ಜಜ್ಜಿದ್ರೆ ಹತ್ತು ಹದ್ದು ಇಳೀತವೆ. ಒಂದು ಹದ್ದು ಇಂಜಿನ್ನಿಗೆ ಹೊಕ್ಕರೆ ಮುನ್ನೂರು ಜನರ ಜೀವ. ಅದಕ್ಕೇ ಕೈಯಲ್ಲೇ ಎತ್ತೋದು," ಎನ್ನುತ್ತಾರೆ ಕತ್ಬರ್ಟ್. ಮಾತಾಡುವಾಗಲೂ ಅವರ ಕಣ್ಣು ನೆಲದ ಮೇಲೆಯೇ.

ಈ ವರ್ಷ ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹೋದ ವಾರ ಜಜ್ಜಿಹೋದ ಏಡಿಯೊಂದಕ್ಕೆ ಹದ್ದುಗಳು ಮುಗಿಬಿದ್ದು, ವಿಮಾನ ಇಳಿಯದೆ ಪಕ್ಕದ ದ್ವೀಪಕ್ಕೆ ಹೋಯಿತು. ಬಿಲಗಳಿಗೆಲ್ಲ ವಿಷ ಹಾಕಿಸುವುದೆಂದು ಆಡಳಿತದವರು ತೀರ್ಮಾನಿಸಿದರು. ಸುರಕ್ಷತಾ ಅಧಿಕಾರಿ ವರ್ನೀತಾ ಪಾಸ್ಕಲ್ ಎದುರು ನಿಂತು ಕತ್ಬರ್ಟ್ ಮೂರು ಬೆಳಗಿನ ಗಡುವು ಬೇಡಿಕೊಂಡರು. ಆಕೆ ಒಪ್ಪಿದ್ದು ಒಂದು ಷರತ್ತಿಗೆ: ವಿಮಾನ ಇಳಿಯುವ ಮುಂಚಿನ ತಪಾಸಣೆಯಲ್ಲಿ ಒಂದೇ ಒಂದು ಏಡಿ ಕಂಡರೂ ವಿಷ. ಎರಡು ಬೆಳಗು ದಾಟಿವೆ. ಇಂದು ಮೂರನೆಯದು.

ಕತ್ಬರ್ಟ್‌ಗೆ ಅರವತ್ತಮೂರು ವರ್ಷ. ರನ್‌ವೇ ಮೇಲೆ ಪ್ರಾಣಿಗಳು ಬಾರದಂತೆ ಕಾಯುವುದು ನಿಲ್ದಾಣದಲ್ಲಿ ಅವರ ಕೆಲಸ. ಇದೆಲ್ಲ ಹಿಂದೆ ಕಬ್ಬಿನ ಗದ್ದೆ. ಅವರ ತಂದೆಯ ಕಾಲಕ್ಕೆ ಹುಲ್ಲಿನ ಪಟ್ಟಿಯಾಯಿತು. ವಾರಕ್ಕೊಮ್ಮೆ ಟಪಾಲಿನ ಪುಟ್ಟ ವಿಮಾನದ ಸದ್ದು ಕೇಳಿದರೆ ತಂದೆ ಶಂಖ ಊದಿ ದನ ಅಟ್ಟುತ್ತಿದ್ದರು. ಪ್ರಯಾಣಿಕರನ್ನೂ ಸಾಮಾನನ್ನೂ ಸಕ್ಕರೆ ಮೂಟೆಯ ತಕ್ಕಡಿಯಲ್ಲೇ ತೂಗುತ್ತಿದ್ದರಂತೆ. ಕತ್ಬರ್ಟ್ ಹತ್ತು ವರ್ಷದವರಿದ್ದಾಗ ಡಾಂಬರು ಬಂತು. ಪ್ರವಾಸಿಗರು ಹೆಚ್ಚಿದ ಮೇಲೆ ಅರ್ಧ ಜೌಗಿಗೆ ಮಣ್ಣು ತುಂಬಿಸಿ ರನ್‌ವೇಯನ್ನು ಕಡಲಂಚಿನವರೆಗೆ ಎಳೆದರು. ಆಮೇಲೆ ಗಾಜಿನ ಕಟ್ಟಡ, ಹೊಸ ಫಲಕ. ಉದ್ಘಾಟನೆಯ ಚಿತ್ರದಲ್ಲಿ ಮಂತ್ರಿಗಳಿದ್ದಾರೆ, ಬಿಷಪ್ಪರಿದ್ದಾರೆ. ಆ ಹೊತ್ತಿನಲ್ಲಿ ಕತ್ಬರ್ಟ್ ಇನ್ನೊಂದು ತುದಿಯಲ್ಲಿ ಆಡು ಓಡಿಸುತ್ತಿದ್ದರು.

ಇಪ್ಪತ್ತಾರು ವರ್ಷ ಅವರ ಜೊತೆ ಈ ಗಾಡಿ ತಳ್ಳಿದವರು ಹೆಂಡತಿ ಇಸ್ಮೇ. ಹೋದ ವರ್ಷ ತೀರಿಕೊಂಡರು. ಆ ಜಾಗಕ್ಕೆ ಬೇರೆ ಯಾರನ್ನೂ ನೇಮಿಸಿಲ್ಲ. "ದೇವರು ಕರೆದ, ಹೋದಳು. ನಾನು ಕೇಳೋ ಹಾಗಿಲ್ಲ. ಆದ್ರೂ ಏಡಿ ಕಾಲದಲ್ಲೇ ಕರೀಬೇಕಿತ್ತಾ ಸ್ವಾಮಿ ಅಂತ ದಿನಾ ಕೇಳ್ತೀನಿ." ಇಷ್ಟು ಹೇಳಿ ಮತ್ತೆ ಬಗ್ಗುತ್ತಾರೆ. ದಿನಕ್ಕೆ ನಾಲ್ಕುನೂರು ಏಡಿ ಎತ್ತಿದ ಬೆನ್ನು ಅದು.

ಮೊಟ್ಟೆ ಹೊತ್ತ ಏಡಿ ಕಡಲಿಗೆ. ಗಂಡು ಏಡಿ ಬೇಲಿಯಾಚೆ ಚೀಲ ಹಿಡಿದು ಕಾಯುವ ಊರ ಹೆಂಗಸರಿಗೆ. ಇದು ಇಸ್ಮೇ ಮಾಡಿದ ಕಟ್ಟಳೆ. ಇಂದು ಪೆಂಟೆಕೋಸ್ಟ್ ಹಬ್ಬದ ಭಾನುವಾರ. ಬಿಳಿ ಉಡುಪು ತೊಟ್ಟ ಹನ್ನೊಂದು ಜನ ಚರ್ಚಿನ ಪೂಜೆಗೆ ಮುಂಚೆ ಬಂದು ನಿಂತಿದ್ದಾರೆ. ಮೀನು ಮಾರುವ ಯೂಡೋರಾ ಕೂಗುತ್ತಾರೆ: "ಏನೋ ಲಾವಿಲ್, ಒಂದೊಂದು ಏಡಿಗೂ ಹೆಸರಿಡ್ತಿದ್ದೀಯಾ? ಏಡಿ ಸಾರಿಗೆ ಕೆಸುವಿನ ಸೊಪ್ಪು ಹೆಚ್ಚಿಟ್ಟು ಬಂದಿದ್ದೀನಿ, ಬಾಡಿಹೋಗತ್ತೆ!"

"ನಿನ್ನ ಬಾಯಿಗಿಂತ ಏಡಿ ಕೊಂಡಿ ಮೆತ್ತಗಿದೆ ಕಣೇ. ಸುಮ್ನಿರು."

ಆರು ಗಂಟೆಗೆ ಬೆಳಕು ಹರಿದಾಗ ಪೂರ್ವದ ತುದಿಯಲ್ಲಿ ಡಾಂಬರೇ ಹರಿದಾಡಿದಂತೆ ಕಾಣುತ್ತದೆ. ಕಡಿಮೆಯೆಂದರೂ ಆರುನೂರು ಏಡಿ. ತಪಾಸಣೆಗೆ ಉಳಿದಿರುವುದು ಇಪ್ಪತ್ತೇ ನಿಮಿಷ. ಕತ್ಬರ್ಟ್ ಓಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಓಡುತ್ತಾರೆ. ಸೊಂಟದಲ್ಲಿ ಬೇಲಿಯ ಬೀಗದ ಕೈ ಇದೆ. ಹೊರಗಿನವರನ್ನು ಒಳಗೆ ಬಿಟ್ಟರೆ ಕೆಲಸ ಹೋಗುತ್ತದೆ ಎಂಬ ಕಾಗದಕ್ಕೆ ಪ್ರತಿವರ್ಷ ಸಹಿ ಹಾಕಿದವರು ಅವರು. ಟೋಪಿ ತೆಗೆದು ಎದೆಗೊತ್ತಿಕೊಂಡು, ತುಟಿ ಅಲುಗಿಸಿ, ಬೀಗ ತೆರೆಯುತ್ತಾರೆ.

"ಬನ್ನಿ. ಓಡಬೇಡಿ, ತುಳೀಬೇಡಿ. ಒಂದೂ ಸಾಯಬಾರದು."

ಹನ್ನೊಂದು ಬಿಳಿ ಲಂಗಗಳು ಮೊಣಕಾಲಿಗೇರುತ್ತವೆ. ಯೂಡೋರಾ ಮುಂದಾಗಿ, ಎಲ್ಲರೂ ಏಡಿಗಳನ್ನು ಎತ್ತಿ ಪೀಪಾಯಿಗೂ ಚೀಲಕ್ಕೂ ತುಂಬುತ್ತಾರೆ. ಕೊನೆಯವಳು ಬೇಲಿ ದಾಟಿ ಹೊರಗೆ ಹೋಗುವಾಗ ವರ್ನೀತಾರ ಜೀಪು ಎದುರಿಗೇ ಬಂದು ನಿಲ್ಲುತ್ತದೆ. ಆಕೆ ರನ್‌ವೇಯ ಉದ್ದಕ್ಕೂ ಹೋಗಿ, ಎರಡು ಕಡೆ ಇಳಿದು ನೋಡಿ, ಹಿಂದಿರುಗುತ್ತಾರೆ.

"ಅಂಕಲ್, ಏಡಿ ಒಂದೂ ಇಲ್ಲ. ಆದ್ರೆ ಹನ್ನೊಂದು ಹೆಂಗಸರನ್ನ ಕಂಡೆ. ಕಂಡದ್ದನ್ನ ಬರೀಲೇಬೇಕು."

"ಬರಿ ಮಗಳೇ. ಮೊದಲು ಏಡಿ ವಿಷಯ ಬರಿ."

ವಿಮಾನ ಹೊತ್ತಿಗೆ ಸರಿಯಾಗಿ ಇಳಿಯುತ್ತದೆ. ವಿಷದ ಆದೇಶ ಸೋಮವಾರ ರದ್ದಾಗುತ್ತದೆ. ಮಂಗಳವಾರ ಕತ್ಬರ್ಟ್‌ಗೆ ನೋಟಿಸು ಬರುತ್ತದೆ. ವಿಚಾರಣೆ ಇನ್ನೂ ಮುಗಿದಿಲ್ಲ.

ಕೆಲಸ ಹೋದರೆ ಏನು ಮಾಡುತ್ತೀರಿ ಎಂದರೆ, ಕುರ್ಚಿಯಿಂದ ಎದ್ದು ಕಿಟಕಿಗೆ ಹೋಗಿ ಮೋಡ ನೋಡಿ ಬರುತ್ತಾರೆ. "ಏಡಿ ಮುಂದಿನ ವರ್ಷಾನೂ ಬರತ್ತೆ. ಬೇಲಿಯ ಹೊರಗೆ ಯೂಡೋರಾ ಪಕ್ಕ ನಾನೂ ನಿಂತಿರ್ತೀನಿ. ಒಳಗಿರೋರು ಯಾರಾದ್ರೂ ಬಾಗಿಲು ತೆಗೆದ್ರೆ ಸಾಕು."